ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರೋ ಜಾನ್ ಮ್ಯೂರ್ ಟ್ರೇಲ್‌ಗೆ (ಬೆಟ್ಟಗಳ ನಡುವಿನ ಉದ್ದದ ಕಾಲ್ದಾರಿ) ಹೋಗೋರು ಊಟದ ಲೆಕ್ಕ ಮೊದ್ಲೇ ಹಾಕ್ಕೊಳ್ಳಿ
ಯೊಸೆಮಿಟಿ ಕಡೆಯಿಂದ ಹೊರಟ್ರೆ ಮೊದಲರ್ಧ ಸಲೀಸು, ರೆಡ್ಸ್ ಮೆಡೋದಲ್ಲಿ ಅಂಗಡಿ ಇದೆ, ಆದ್ರೆ ನಡುದಾರೀಲಿರೋ ಮ್ಯೂರ್ ಟ್ರೇಲ್ ರಾಂಚ್ ದಾಟಿದ್ಮೇಲೆ ಕೊನೇಲಿ ವಿಟ್ನಿ ಶಿಖರ ಹತ್ತಿ ಕೆಳಗಿಳಿಯೋವರೆಗೆ 170 ಕಿ.ಮೀ. ಮೇಲೆ ದಾರೀಲಿ ಏನೂ ಸಿಗಲ್ಲ. ರಾಂಚ್‌ಗೆ ಊಟದ ಬಕೆಟ್ ವಾರಗಟ್ಟಲೆ ಮುಂಚೇನೆ ಪೋಸ್ಟ್ ಮಾಡಿ.

ಕರಡಿ ಡಬ್ಬಿ (ಕರಡಿಗೆ ತೆಗೆಯೋಕಾಗದ ಊಟದ ಗಟ್ಟಿ ಡಬ್ಬಿ) ಕಡ್ಡಾಯ, ಅದ್ರಲ್ಲಿ ಒಂಬತ್ತು ದಿನದ ಊಟ ಹಿಡಿಸೋದು ತುಂಬಾ ಕಷ್ಟ ರೀ, ಅದಕ್ಕೇ ನಾನು ಕುರುಕಲು ಪೂರ್ತಿ ಬಿಟ್ಟು ಒಗ್ಗರಣೆ ಹಾಕಿ ಹುರಿದ ರವೆ, ಶೇಂಗಾ ಚಟ್ನಿಪುಡಿ ಜಿಪ್‌ಲಾಕ್‌ಗೆ ಹಾಕಿ ಗಾಳಿ ಒತ್ತಿ ತೆಗೆದು ಡಬ್ಬಿ ಗೋಡೆಗೆ ಅಂಟಿಸಿದ ಹಾಗೆ ತುಂಬ್ದೆ. ಆಗ್ಲಿಲ್ವಾ, ಟ್ರೇಲ್ ಬಿಟ್ಟು ಕಿಯರ್ಸಾರ್ಜ್ ಪಾಸ್ (ಬೆಟ್ಟಸಾಲು ದಾಟೋ ಎತ್ತರದ ದಾರಿ) ದಾಟಿ ಆನಿಯನ್ ವ್ಯಾಲಿಗೆ ಇಳಿದು ಇಂಡಿಪೆಂಡೆನ್ಸ್ ಊರಿಂದ ತುಂಬಿಸ್ಕೊಂಡು ಬನ್ನಿ, ಒಂದು ದಿನ ಹೋದ್ರೂ ಪರ್ವಾಗಿಲ್ಲ.

ಟೆಂಟು ಪಾಸ್‌ಗಿಂತ ಸ್ವಲ್ಪ ಕೆಳಗೇ ಹಾಕಿ, ನೀರಿಂದ 30 ಮೀಟರ್ ದೂರ. ಮಧ್ಯಾಹ್ನ ಗುಡುಗು ಸಿಡಿಲು ಶುರುವಾಗೋ ಮುಂಚೆ, ಬೆಳಗ್ಗೇನೇ ಪಾಸ್ ದಾಟ್ಬಿಡಬಹುದು.