ಮಾತ್ರೆಯಿಲ್ಲದೆ ಜಲಬಾಧೆಯ ಅವಸರ ಹತೋಟಿಗೆ ಬಂದ ಬಗೆ: ನನ್ನ ಅನುಭವ

ಅರವತ್ತೆಂಟರ ವಯಸ್ಸಿನಲ್ಲಿ ಮಾತ್ರೆಯಿಲ್ಲದೆ ಜಲಬಾಧೆಯ ಅವಸರ ಹತೋಟಿಗೆ ಬಾರದು ಎಂದು ಕೋಲಾರದ ನಮ್ಮ ನಿವೃತ್ತ ನೌಕರರ ಬಳಗದಲ್ಲಿ ಹೇಳದವರಿಲ್ಲ. ಈಗ ಊರಿನಲ್ಲಿ ಬಸ್ಸು ಹತ್ತಿದರೆ ನರಸಾಪುರ, ಹೊಸಕೋಟೆ ಎಲ್ಲೂ ಇಳಿಯದೆ ನೇರವಾಗಿ ಮೆಜೆಸ್ಟಿಕ್ ಸೇರುತ್ತೇನೆ. ಅಂದು ನಂಬದಿದ್ದವರೇ ಇಂದು ವಿಧಾನ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಸ್ಕ್ಯಾನಿಂಗ್, ಮೂತ್ರ ಪರೀಕ್ಷೆ, ಸಕ್ಕರೆ, ಪಿ.ಎಸ್.ಎ. (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) ಎಲ್ಲವೂ ಮುಗಿದು, ಮೂತ್ರ ಒಳಗೆ ಕಟ್ಟಿ ಉಳಿಯುತ್ತಿಲ್ಲವೆಂದು ಖಚಿತವಾದ ಮೇಲೆಯೇ ಇದಕ್ಕೆ ಕೈಹಾಕಿದೆ. ಅದಿಲ್ಲದೆ ಯಾರೂ ಕೈಹಾಕಬಾರದು.

ಪರೀಕ್ಷೆಗಳಿಗೆ ಮೂರು ಸಾವಿರದಷ್ಟು, ಮಾತ್ರೆಗೆ ತಿಂಗಳಿಗೆ ಸುಮಾರು 800 ರೂಪಾಯಿ ಖರ್ಚಾಯಿತು. ಮಾತ್ರೆಯಿಂದ ಅವಸರ ತಗ್ಗಿದ್ದು ನಿಜ, ಆದರೆ ಬಾಯಿ ಒಣಗಿ ಮುದ್ದೆ ನುಂಗುವುದೇ ಕಷ್ಟವಾಯಿತು. ಮಲಬದ್ಧತೆಯೂ ಅಂಟಿಕೊಂಡಿತು, ಮಲ ಕಟ್ಟಿದ ದಿನ ಹಳೆಯ ಕಾಟವೇ ಮರಳುತ್ತಿತ್ತು. ವೈದ್ಯರಿಗೆ ತಿಳಿಸಿ ಆ ಮಾತ್ರೆಯನ್ನು ನಿಲ್ಲಿಸಿ, ಸೊಪ್ಪಿನ ಬಸ್ಸಾರನ್ನು ಹೆಚ್ಚಿಸಿದೆ. ಯಾರೋ ಹೇಳಿದ ಪುಡಿಗೆ ಎರಡು ಸಾವಿರ ಹೋಯಿತು, ಫಲ ಸೊನ್ನೆ. ನೀರು ಕಡಿಮೆ ಮಾಡಿ ನೋಡಿದಾಗ ಮೂತ್ರ ಗಾಢವಾಗಿ, ಉರಿಯೊಂದಿಗೆ ಅವಸರವೂ ಹೆಚ್ಚಿತು. ಈಗ ದಿನಕ್ಕೆ ಒಂದೂವರೆ ಲೀಟರಿಗೆ ಮೇಲೆ ಕುಡಿಯುತ್ತೇನೆ, ಬಹುಪಾಲು ಸಂಜೆಯೊಳಗೆ.

ಕೈಹಿಡಿದದ್ದು ಗಡಿಯಾರ. ಮೂರು ದಿನ ಹೊತ್ತನ್ನೂ ಅಳತೆಯನ್ನೂ ಬರೆದಿಟ್ಟಾಗ, 300ರಿಂದ 500 ಎಂ.ಎಲ್. ಹಿಡಿಯಬಲ್ಲ ಮೂತ್ರಕೋಶಕ್ಕೆ 150 ತುಂಬುವ ಮೊದಲೇ ನಾನು ಗಂಟೆಗೊಮ್ಮೆ ಓಡುತ್ತಿದ್ದುದು ಗೊತ್ತಾಯಿತು. ಆ ಗಂಟೆಯನ್ನೇ ಆರಂಭವಾಗಿಟ್ಟು, ವಾರಕ್ಕೆ 15 ನಿಮಿಷದಂತೆ ಅಂತರ ಬೆಳೆಸಿದೆ. ಎರಡು ತಿಂಗಳು ಕಳೆದ ಮೇಲೆ ಮೂರು ಗಂಟೆಯ ಹತ್ತಿರ ಬಂದೆ.

ಅವಸರವಾದಾಗ ಓಡಬಾರದು. ಮನೆಯ ಬೀಗಕ್ಕೆ ಕೀಲಿ ಹಾಕುವ ಕ್ಷಣವೇ ನನಗೆ ಅತಿ ಕಠಿಣವಾಗಿತ್ತು. ಕೀಲಿಯನ್ನು ಅಲ್ಲೇ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತು, ಹೂಸು ತಡೆಯಲು ಬಳಸುವ ಸ್ನಾಯುವನ್ನು ಐದಾರು ಬಾರಿ ಚುರುಕಾಗಿ ಬಿಗಿದು ಸಡಿಲಿಸಿದರೆ, ಒಂದು ನಿಮಿಷದೊಳಗೆ ಒತ್ತಡ ಇಳಿಯುತ್ತದೆ. ಆಮೇಲೆ ಬೀಗ ತೆಗೆದು ನಿಧಾನವಾಗಿ ನಡೆದೇ ಹೋಗಬೇಕು. ಹೊಟ್ಟೆ, ತೊಡೆ ಬಿಗಿದರೆ ಪ್ರಯೋಜನವಿಲ್ಲ, ಉಸಿರನ್ನೂ ಕಟ್ಟಬಾರದು. ಆ ಹೊತ್ತಿನಲ್ಲಿ ಮನಸ್ಸನ್ನು ಬೇರೆಡೆ ತಿರುಗಿಸಲು ನನ್ನದೇ ಒಂದು ಉಪಾಯವಿದೆ. ಅದನ್ನು ಎದುರು ಕೂತು ಕೇಳಿದವರಿಗಷ್ಟೇ ಹೇಳುತ್ತೇನೆ.

ಹುಳಿ ಮೂತ್ರಕೋಶವನ್ನು ಕೆಣಕುತ್ತದೆಂದು ಕೇಳಿ, ಟೊಮೆಟೊ ಮಂಡಿಯ ಊರಿನಲ್ಲಿದ್ದೂ ಕೆಲವು ವಾರ ಟೊಮೆಟೊ ಮುಟ್ಟಲಿಲ್ಲ; ನನ್ನ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ. ಕಾಫಿಯ ವಿಷಯ ಹಾಗಲ್ಲ: ಬಿಟ್ಟ ಮೊದಲ ಕೆಲವು ದಿನ ತಲೆನೋವು ಕಾಡಿದರೂ, ವಾರ ಕಳೆಯುವಷ್ಟರಲ್ಲಿ ಅವಸರ ಅರ್ಧಕ್ಕೆ ಇಳಿಯಿತು. ಈಗ ಬೆಳಗ್ಗೆ ಒಂದೇ ಲೋಟ, ಅದೂ ತೆಳು ಡಿಕಾಕ್ಷನ್ನಿನದು.

ರಾತ್ರಿಯ ಕಾಟಕ್ಕೆ ಗಡಿಯಾರ ಸಾಲಲಿಲ್ಲ. ಹಗಲೆಲ್ಲ ಪಾದದಲ್ಲಿ ಇಳಿದು ನಿಂತ ನೀರು ಮಲಗಿದೊಡನೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆಂದು ವೈದ್ಯರು ವಿವರಿಸಿದ ಮೇಲೆ, ಮಧ್ಯಾಹ್ನ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆತ್ತಿ ಮಲಗತೊಡಗಿದೆ. ನೀರು ಹೊರಹಾಕುವ ಬಿ.ಪಿ. ಮಾತ್ರೆಯನ್ನೂ ಅವರೇ ಬೆಳಗಿನ ಹೊತ್ತಿಗೆ ಬದಲಿಸಿದರು. ನಾಲ್ಕೈದು ಬಾರಿ ಏಳುತ್ತಿದ್ದವನು ಈಗ ಒಮ್ಮೆ ಏಳುತ್ತೇನೆ. ಡಿಸೆಂಬರಿನ ಚಳಿಯಲ್ಲಿ ಮಾತ್ರ ಹಗಲಿನ ಅಂತರ ಎರಡು ಗಂಟೆಗೆ ಕುಸಿಯುತ್ತದೆ. ಆಗ ಮತ್ತೆ 15 ನಿಮಿಷದ ಲೆಕ್ಕದಿಂದ ಆರಂಭಿಸುತ್ತೇನೆ, ಸಂಕ್ರಾಂತಿ ಕಳೆಯುವ ಹೊತ್ತಿಗೆ ಸರಿಹೋಗುತ್ತದೆ.