ಮೆಮೊರಿ ಕಾರ್ಡ್ ಕಿತ್ತು ಹಾಕಿದೆ, ಆರೂ ಪೈ ಈಗ ಕೇಬಲ್‌ನಿಂದಲೇ ಏಳುತ್ತವೆ

ಪೀಣ್ಯದಲ್ಲಿ ನನ್ನ ಗೆಳೆಯನ ವರ್ಕ್‌ಶಾಪ್ ಇದೆ. ಅಲ್ಲಿನ ಆರು ಲೇತ್‌ಗಳ ಹತ್ತಿರ ಒಂದೊಂದು ರಾಸ್‌ಬೆರಿ ಪೈ 3ಬಿ (ಅಂಗೈಯಗಲದ ಕಂಪ್ಯೂಟರ್) ಕೂರಿಸಿದ್ದೇನೆ. ಎಷ್ಟು ಪೀಸ್ ಆಯಿತು ಅಂತ ಎಣಿಸಿ ತೋರಿಸುವುದು ಅವುಗಳ ಕೆಲಸ. ಪೈಗಳಿಗೆ ಏನೂ ಆಗುತ್ತಿರಲಿಲ್ಲ, ಸಾಯುತ್ತಿದ್ದದ್ದು ಮೆಮೊರಿ ಕಾರ್ಡ್. ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್‌ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಟ್ಟ ವ್ಯವಸ್ಥೆ) ಕೆಡುತ್ತದೆ. ಮಳೆ ಶುರುವಾದರೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಗೊತ್ತೇ ಇದೆ ಅಲ್ವಾ? ಎಸ್‌ಪಿ ರೋಡಿನಿಂದ ಕಾರ್ಡ್ ತರುವುದು, ಸ್ಟೂಲ್ ಹತ್ತುವುದು, ಎಣ್ಣೆ ಮೆತ್ತಿದ ಡಬ್ಬಿ ಬಿಚ್ಚುವುದು. ಸಾಕಾಗಿ ಹೋಯಿತು. ನೆಟ್‌ವರ್ಕ್ ಕೇಬಲ್ ಹೇಗೂ ಎಳೆದಿತ್ತು. ಕಾರ್ಡೇ ಬೇಡ, ಬೇಕಾದ ಫೈಲ್‌ಗಳನ್ನೆಲ್ಲ ಪೈಗಳು ಕೇಬಲ್ ಮೂಲಕ ಒಂದು ಸರ್ವರ್‌ನಿಂದಲೇ ತೆಗೆದುಕೊಳ್ಳಲಿ ಅಂತ ತೀರ್ಮಾನಿಸಿದೆ.

ಇದು ಹಳೆಯ ಉಪಾಯ. ಸನ್ ಅನ್ನುವ ಕಂಪ್ಯೂಟರ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ತಂದಿತು, ಅಂದರೆ ಬೇರೆ ಕಂಪ್ಯೂಟರ್‌ನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ತನ್ನದೇ ಎಂಬಂತೆ ಬಳಸುವ ವಿಧಾನ. ಡಿಸ್ಕ್ ಇಲ್ಲದ ಅವರ ವರ್ಕ್‌ಸ್ಟೇಷನ್‌ಗಳು ಅದರ ಮೇಲೆಯೇ ಓಡುತ್ತಿದ್ದವು.

3ಬಿಗೆ ಒಂದೇ ಒಂದು ಸಲ ಕಾರ್ಡ್ ಬೇಕು. ಕಾನ್ಫಿಗ್ ಫೈಲಿನಲ್ಲಿ ಯುಎಸ್‌ಬಿ ಬೂಟ್ ಮೋಡ್‌ನ ಸಾಲಿಗೆ 1 ಅಂತ ಕೊಟ್ಟು ರೀಬೂಟ್ ಮಾಡಿದರೆ ಚಿಪ್‌ನೊಳಗೆ ಒಂದು ಬಿಟ್ ಕಾಯಂ ಆಗಿ ಕೂರುತ್ತದೆ, ಮತ್ತೆ ಅಳಿಸಲು ಬರುವುದಿಲ್ಲ. ಈ ಬೋರ್ಡಿನಲ್ಲಿ ಈಥರ್ನೆಟ್ ಕೂಡ ಯುಎಸ್‌ಬಿ ಮೂಲಕವೇ ಹೋಗುತ್ತದೆ, ಅದಕ್ಕೇ ಆ ಹೆಸರು. 3ಬಿ ಪ್ಲಸ್‌ನಲ್ಲಿ ಈ ಕೆಲಸವೂ ಇಲ್ಲ.

ಸರ್ವರ್ ಅಂದರೆ ಡೆಬಿಯನ್ ಲಿನಕ್ಸ್ ಹಾಕಿದ ಒಂದು ಹಳೆಯ ಡೆಸ್ಕ್‌ಟಾಪ್. ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಗುರುತಿಸುವ ಸಂಖ್ಯೆ) ರೂಟರ್ ಕೊಡುತ್ತದೆ, ಹೀಗೆ ವಿಳಾಸ ಕೇಳಿ ಪಡೆಯುವ ಪದ್ಧತಿಗೆ ಡಿಎಚ್‌ಸಿಪಿ ಅಂತ ಹೆಸರು. ಸರ್ವರ್‌ನಲ್ಲಿರುವ ಡಿಎನ್‌ಎಸ್‌ಮಾಸ್ಕ್ ಅನ್ನುವ ಪ್ರೋಗ್ರಾಮ್ ಪ್ರಾಕ್ಸಿ ಮೋಡ್‌ನಲ್ಲಿ (ತಾನು ವಿಳಾಸ ಕೊಡದೆ) ಕೂತು, ಬೂಟ್ ಫೈಲ್ ನನ್ನ ಹತ್ತಿರ ಇದೆ ಅಂತ ಮಾತ್ರ ಹೇಳುತ್ತದೆ.

ಮೊದಲ ದಿನ ಪರದೆ ಕಪ್ಪಾಗಿಯೇ ಇತ್ತು. ಸುಮ್ನೆ ಊಹೆ ಮಾಡುತ್ತಾ ಕೂರುವ ಬದಲು ಸರ್ವರ್‌ನಲ್ಲಿ ಟಿಸಿಪಿಡಂಪ್ (ನೆಟ್‌ವರ್ಕ್‌ನಲ್ಲಿ ಹೋಗಿಬರುವುದನ್ನು ತೋರಿಸುವ ಪ್ರೋಗ್ರಾಮ್) ಓಡಿಸಿ. ಪೈ ಏನು ಕೇಳುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ನನ್ನದು ಟಿಎಫ್‌ಟಿಪಿಯಲ್ಲಿ (ಫೈಲ್ ಕಳಿಸುವ ಸರಳ ವಿಧಾನ) ಮೊದಲು ಬೂಟ್‌ಕೋಡ್ ಫೈಲ್ ಕೇಳಿತು, ಸಿಕ್ಕಿತು. ಆಮೇಲೆ ತನ್ನ ಸೀರಿಯಲ್ ನಂಬರಿನ ಕೊನೆಯ 8 ಅಂಕಿ-ಅಕ್ಷರಗಳ ಹೆಸರಿನ ಫೋಲ್ಡರ್‌ನಲ್ಲಿ ಸ್ಟಾರ್ಟ್ ಫೈಲ್ ಹುಡುಕಿತು. ಆ ಫೋಲ್ಡರ್ ಹೆಸರನ್ನು ನಾನು ಕ್ಯಾಪಿಟಲ್ ಅಕ್ಷರದಲ್ಲಿ ಇಟ್ಟಿದ್ದೆ. ಪೈ ಕೇಳಿದ್ದು ಸ್ಮಾಲ್ ಅಕ್ಷರದಲ್ಲಿ. ಹೆಸರು ಬದಲಿಸಿದ ತಕ್ಷಣ ಲಿನಕ್ಸ್‌ನ ತಿರುಳಾದ ಕರ್ನಲ್ ಇಳಿಯತೊಡಗಿತು.

ಕರ್ನಲ್ ಬಂದ ಮೇಲೆ ರೂಟ್ ಫೈಲ್‌ಸಿಸ್ಟಮ್ (ಉಳಿದೆಲ್ಲ ಫೈಲ್‌ಗಳಿರುವ ಜಾಗ) ಎಲ್ಲಿದೆ ಅಂತ ಹೇಳಬೇಕು. ಕಮಾಂಡ್‌ಲೈನ್ ಫೈಲಿನಲ್ಲಿ ಸರ್ವರ್ ವಿಳಾಸ, ಫೋಲ್ಡರ್, ಎನ್‌ಎಫ್‌ಎಸ್ ಆವೃತ್ತಿ 3, ಐಪಿ ಡಿಎಚ್‌ಸಿಪಿ ಅಂತ ಬರೆದೆ. ಏಳುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿದ್ದ ಕಾರ್ಡಿನ ಸಾಲುಗಳನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಇಲ್ಲದ ಕಾರ್ಡಿಗಾಗಿ ಒಂದೂವರೆ ನಿಮಿಷ ಕಾಯುತ್ತದೆ. ಸರ್ವರ್ ಯಾವ ಫೋಲ್ಡರ್ ಹಂಚುತ್ತದೆ ಅಂತ ಬರೆಯುವ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ 'ನೋ ರೂಟ್ ಸ್ಕ್ವಾಶ್' ಕೂಡ ಬೇಕು, ಆಗಲೇ ಪೈಯ ರೂಟ್ ಬಳಕೆದಾರನಿಗೆ ಅಲ್ಲಿ ಪೂರ್ತಿ ಅಧಿಕಾರ ಸಿಗುತ್ತದೆ. ಆರು ಪೈಗೆ ಆ ಫೈಲ್‌ಸಿಸ್ಟಮ್‌ನ ಆರು ಪ್ರತಿ ಇಟ್ಟೆ, ಪ್ರತಿಯೊಂದರಲ್ಲೂ ಪೈಯ ಗುರುತುಗಳಾದ ಹೋಸ್ಟ್‌ನೇಮ್, ಎಸ್‌ಎಸ್‌ಎಚ್ ಕೀ, ಮೆಷಿನ್ ಐಡಿ ಬೇರೆ ಮಾಡಿದೆ. ಒಂದೇ ಪ್ರತಿಯನ್ನು ಎಲ್ಲರೂ ಹಂಚಿಕೊಳ್ಳುವ ದಾರಿಯೂ ಇದೆ. ಆದರೆ ಡಿಸ್ಕ್ ಜಾಗ ಅಗ್ಗ, ನನ್ನ ಸಮಯ ಅಗ್ಗವಲ್ಲ.

ಎರಡು ವಾರ ಚೆನ್ನಾಗಿ ನಡೆಯಿತು. ಒಂದು ಸಂಜೆ ಕರೆಂಟ್ ಹೋಗಿ ಬಂತು, ಒಂದು ಪೈಯೂ ಏಳಲಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಕಲಸಿದಂತಾಯಿತು. ನಾನು ನೋಡುವ ಹೊತ್ತಿಗೆ ಸರ್ವರ್ ಸರಿಯಾಗಿಯೇ ಓಡುತ್ತಿತ್ತು, ಆದರೆ ಟಿಸಿಪಿಡಂಪ್‌ನಲ್ಲಿ ಒಂದು ಸಾಲೂ ಇಲ್ಲ. ಕೊನೆಗೆ ಕಾರಣ ಸಿಕ್ಕಿತು. 3ಬಿಯ ಬೂಟ್ ರೋಮ್ (ಚಿಪ್‌ನಲ್ಲೇ ಕಾಯಂ ಆಗಿರುವ ಮೊದಲ ಪ್ರೋಗ್ರಾಮ್) ಡಿಎಚ್‌ಸಿಪಿಯನ್ನು 5 ಸಲ, 5 ಸೆಕೆಂಡ್ ಅಂತರದಲ್ಲಿ ಕೇಳುತ್ತದೆ. 25 ಸೆಕೆಂಡ್‌ನಲ್ಲಿ ಉತ್ತರ ಬರದಿದ್ದರೆ ಕೈಚೆಲ್ಲಿ ಮಲಗಿಬಿಡುತ್ತದೆ. ನಮ್ಮ ಹಳೆಯ ಡೆಸ್ಕ್‌ಟಾಪ್ ಏಳುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಬೂಟ್‌ಕೋಡ್ ಫೈಲ್ ಒಂದನ್ನೇ ಕಾರ್ಡಿಗೆ ಹಾಕಿಟ್ಟರೆ ಇದು ಸರಿಹೋಗುತ್ತದೆ, ಆದರೆ ಮತ್ತೆ ಕಾರ್ಡ್ ಹಾಕಲು ನನಗೆ ಮನಸ್ಸು ಬರಲಿಲ್ಲ. ಸರ್ವರ್, ರೂಟರ್, ಸ್ವಿಚ್ ಮೂರನ್ನೂ ಒಂದು ಯುಪಿಎಸ್‌ಗೆ ಹಾಕಿದೆ. ಈಗ ಪೈಗಳು ಕಣ್ಣು ಬಿಡುವಾಗ ಉತ್ತರ ಕೊಡಲು ಸರ್ವರ್ ಎದ್ದೇ ಇರುತ್ತದೆ.

ಗೆಳೆಯನಿಗೆ ಇನ್ನೂ ಅನುಮಾನ. ಅವನ ಎದುರೇ ಸರ್ವರ್‌ನ ಕೇಬಲ್ ಎಳೆದೆ. ಎಣಿಕೆ ನಿಂತಿತು. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಅನ್ನುವ ಸಾಲು ಬಂತು. ಟೀ ಕುಡಿದು ಬಂದು ಕೇಬಲ್ ಚುಚ್ಚಿದೆ. ಸರ್ವರ್ ಓಕೆ ಅಂತ ಬಂತು, ರೀಬೂಟ್ ಇಲ್ಲದೆ ಎಣಿಕೆ ನಿಂತಲ್ಲಿಂದಲೇ ಮುಂದುವರಿಯಿತು.