ಹೃದಯ ಕವಾಟದ ದಳವನ್ನು ಎರಡು ದಿಕ್ಕಿಗೆ ಎಳೆದು ಪರೀಕ್ಷಿಸುವ ಕ್ರಮ

ಹಂದಿಯ ಮಹಾಪಧಮನಿ ಕವಾಟದ ದಳ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅಷ್ಟರಲ್ಲೇ ಮೂರು ಪದರಗಳಿವೆ. ಮಹಾಪಧಮನಿಯ ಕಡೆ ಫೈಬ್ರೋಸಾ. ಇದರ ಕೊಲಾಜೆನ್ ನಾರುಗಳು, ಅಂದರೆ ಗಟ್ಟಿ ಪ್ರೋಟೀನ್ ಎಳೆಗಳು, ಸುತ್ತಳತೆಯ ಗುಂಟ ಸಾಗುತ್ತವೆ. ಹೃತ್ಕುಕ್ಷಿಯ ಕಡೆ ವೆಂಟ್ರಿಕ್ಯುಲಾರಿಸ್. ಇಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಪ್ರೋಟೀನ್ ಎಲಾಸ್ಟಿನ್ ಹೆಚ್ಚು. ನಡುವೆ ನೀರು ಹಿಡಿದಿಡುವ ಸ್ಪಾಂಜಿಯೋಸಾ. ಆದ್ದರಿಂದಲೇ ದಳ ಸುತ್ತಳತೆಯ ದಿಕ್ಕಿಗೆ ಬಿಗಿ, ತ್ರಿಜ್ಯದ ದಿಕ್ಕಿಗೆ, ಅಂದರೆ ಬುಡದಿಂದ ತುದಿಯತ್ತ, ಸಡಿಲ. ಇಡೀ ಪರೀಕ್ಷೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ದಿಕ್ಕು ಗುರುತಿಸದೆ ಕತ್ತರಿಸಿದ ತುಂಡು ಯಾವುದಕ್ಕೂ ಬಾರದು.

ಪಟ್ಟಿ ಕತ್ತರಿಸಿ ಒಂದೇ ಕಡೆಗೆ ಎಳೆಯುವುದು ಸುಲಭವೇನೋ ಹೌದು. ಆದರೆ ಅಂಚಿನಲ್ಲಿ ನಾರು ತುಂಡಾಗುತ್ತದೆ, ಬದಿಗಳು ಒಳಕ್ಕೆ ಸೆಳೆದುಕೊಳ್ಳುತ್ತವೆ. ಮುಚ್ಚಿದ ಕವಾಟದಲ್ಲಿ ದಳ ಎರಡೂ ದಿಕ್ಕಿಗೆ ಒಟ್ಟಿಗೇ ಎಳೆತ ತಾಳುತ್ತದೆ. ಪರೀಕ್ಷೆಯೂ ಹಾಗೇ ಇರಲಿ.

ದಳದ ಹೊಟ್ಟೆಭಾಗದಿಂದ 10 ಮಿ.ಮೀ. ಚೌಕ ತೆಗೆಯಿರಿ. ತುದಿಯ ಗಂಟು, ಬುಡದ ದಪ್ಪ ಅಂಚು ಸೇರಬಾರದು. ದಪ್ಪ ಅಳೆಯುವಾಗ ಒತ್ತಬೇಡಿ. ಒತ್ತಿದರೆ ಸ್ಪಾಂಜಿಯೋಸಾದ ನೀರು ಹೊರಬಂದು ಅಳತೆ ಕಡಿಮೆ ಬರುತ್ತದೆ. ಪ್ರತಿ ಬದಿಗೆ ನಾಲ್ಕು ಕೊಕ್ಕೆ ಹಾಕಿ, ದಾರಗಳನ್ನು ರಾಟೆಯ ಮೇಲೆ ಹಾಯಿಸಿ. ಎಳೆತ ಸಮವಾಗಿ ಹಂಚದಿದ್ದರೆ ಚೌಕ ಓರೆಯಾಗುತ್ತದೆ. ನಡುವೆ ನಾಲ್ಕು ಕಪ್ಪು ಚುಕ್ಕೆ ಅಂಟಿಸಿ. ಸ್ಟ್ರೇನ್ (ಮೂಲ ಉದ್ದಕ್ಕೆ ಹೋಲಿಸಿದರೆ ಎಷ್ಟು ಹಿಗ್ಗಿತು ಎಂಬ) ಲೆಕ್ಕವನ್ನು ಕ್ಯಾಮೆರಾ ಕಂಡ ಆ ಚುಕ್ಕೆಗಳಿಂದಲೇ ತೆಗೆಯಬೇಕು, ಕೊಕ್ಕೆಗಳ ಅಂತರದಿಂದಲ್ಲ. ತುಂಡು 37 ಡಿಗ್ರಿ ಸೆಲ್ಸಿಯಸ್‌ನ, 7.4 ಪಿಎಚ್‌ನ ಫಾಸ್ಫೇಟ್ ಬಫರ್ ಸಲೈನ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ಉಪ್ಪುನೀರು) ಮುಳುಗಿರಲಿ.

ಎಷ್ಟು ಎಳೆಯಬೇಕು? ಕವಾಟ ಮುಚ್ಚಿದಾಗ ಅದರ ಮೇಲಿನ ಒತ್ತಡ ಸುಮಾರು 80 ಎಂಎಂ ಪಾದರಸ, ಅಂದರೆ 10.7 ಕಿಲೋಪ್ಯಾಸ್ಕಲ್. ದಳದ ಬಾಗು 12 ಮಿ.ಮೀ. ತ್ರಿಜ್ಯದ ಗೋಳದಂತಿದೆ ಎಂದುಕೊಂಡು ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಮೀಟರಿಗೆ ಸುಮಾರು 64 ನ್ಯೂಟನ್. ಹಾಗಾಗಿ ಗುರಿ ಮೀಟರಿಗೆ 60 ನ್ಯೂಟನ್. 10 ಮಿ.ಮೀ. ಬದಿಗೆ ಇದು ಬರೀ 0.6 ನ್ಯೂಟನ್; 5 ನ್ಯೂಟನ್ ಲೋಡ್‌ಸೆಲ್ (ಬಲ ಅಳೆಯುವ ಸಾಧನ) ಸಾಕು, 500ರದ್ದು ಹಾಕಿದರೆ ಗದ್ದಲವೇ ದಾಖಲಾಗುತ್ತದೆ. ಪದರಗಳು ಒಂದೇ ಬಗೆಯವಲ್ಲದ ಕಾರಣ ಸ್ಟ್ರೆಸ್‌ಗಿಂತ (ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಬೀಳುವ ಬಲ) ಮೀಟರಿಗೆ ಇಷ್ಟು ನ್ಯೂಟನ್ ಎಂದು ಬರೆಯುವುದೇ ಪ್ರಾಮಾಣಿಕ.

ಮೊದಲ ಎಳೆತಗಳನ್ನು ನಂಬಬೇಡಿ. 60:60 ಅನುಪಾತದಲ್ಲಿ (ಮೊದಲ ಅಂಕಿ ಸುತ್ತಳತೆಯ ದಿಕ್ಕಿನ ಎಳೆತ, ಎರಡನೆಯದು ತ್ರಿಜ್ಯದ ದಿಕ್ಕಿನದು) ಹತ್ತು ಸುತ್ತು ಎಳೆದು ಬಿಡಿ, ಕೊನೆಯ ಸುತ್ತನ್ನು ಬಳಸಿ. ಆಮೇಲೆ 30:60, 60:30. ಅನುಪಾತ ಬದಲಿಸಿದಾಗಲೆಲ್ಲ ಮತ್ತೆ ಹೀಗೆ ಎಳೆದು ಬಿಟ್ಟು ಹದಗೊಳಿಸಬೇಕು. ಸ್ಟ್ರೇನ್‌ಗೆ ಎದುರಾಗಿ ಎಳೆತ ಬರೆದ ರೇಖೆ ಮೊದಲು ಮಲಗಿ, ಸುಕ್ಕುಗಟ್ಟಿದ ಕೊಲಾಜೆನ್ ನೇರವಾದ ಮೇಲೆ ಕಡಿದಾಗಿ ಏರಬೇಕು. ಸಮ ಎಳೆತದಲ್ಲಿ ಸುತ್ತಳತೆಯ ದಿಕ್ಕು ಹಿಗ್ಗುವ ಬದಲು ಒಮ್ಮೊಮ್ಮೆ ಕುಗ್ಗುವುದುಂಟು. ಅದು ಯಂತ್ರದ ದೋಷವಲ್ಲ: ತ್ರಿಜ್ಯದ ಕಡೆಗಿನ ದೊಡ್ಡ ಹಿಗ್ಗಿಗೆ ನಾರುಗಳು ತಿರುಗಿಕೊಳ್ಳುತ್ತವೆ.

ಕೊನೆಗೆ ಮತ್ತೊಮ್ಮೆ 60:60 ಎಳೆದು ಮೊದಲಿನ ರೇಖೆಯ ಮೇಲಿಟ್ಟು ನೋಡಿ. ಹೊಂದದಿದ್ದರೆ ಕೊಕ್ಕೆಯ ಬಳಿ ಹರಿದಿದೆಯೇ ಎಂದು ಹುಡುಕಿ. ಹರಿದಿದ್ದರೆ ಆ ತುಂಡಿನ ಅಂಕಿಗಳನ್ನು ಕೈಬಿಡಿ.